ಸ್ಥಾವರಕನ ಸಾಕ್ಷಿ: ನಾಟಕಗಳ ರೂಪಾಂತರ ಮತ್ತು ನೈತಿಕತೆಯ ಪ್ರಶ್ನೆ

ನಾನು ಎಂ.ಎ. ಓದುತ್ತಿದ್ದಾಗ ನಮ್ಮ ವಿಭಾಗದ ಹುಡುಗರೆಲ್ಲ ಸೇರಿ ಮೃಚ್ಛಕಟಿಕವನ್ನು ಕನ್ನಡದಲ್ಲಿ ಆಡಿದೆವು. ನನಗೆ ಸಿಕ್ಕಿದ್ದು ಚಾಂಡಾಲನ ಪಾತ್ರ. ಹತ್ತನೆಯ ಅಂಕದಲ್ಲಿ ಚಾರುದತ್ತನನ್ನು ವಧಾಸ್ಥಾನಕ್ಕೆ ಕರೆದುಕೊಂಡು ಹೋಗುವ ಇಬ್ಬರು ಚಾಂಡಾಲರಿದ್ದಾರಲ್ಲ, ಅವರಲ್ಲಿ ಒಬ್ಬ. ಇನ್ನೊಬ್ಬ ಚಾಂಡಾಲನಾದವನೂ ನಮ್ಮ ಹಾಸ್ಟೆಲಿನವನೇ. ಅದು ಆಕಸ್ಮಿಕ ಅಂತ ನಿರ್ದೇಶಕರು ಹೇಳಿದರು, ನಾವೂ ನಂಬಿದೆವು. ಮುಖಕ್ಕೆ ಕಪ್ಪು ಬಳಿದರು. ನನ್ನ ಮುಖದ ಮೇಲೆ ಮತ್ತೆ ಕಪ್ಪು ಬಳಿಯುವ ಅಗತ್ಯವೇನಿತ್ತೋ ಗೊತ್ತಿಲ್ಲ. ಚಾರುದತ್ತ, ವಸಂತಸೇನೆ, ಮೈತ್ರೇಯ ಎಲ್ಲರೂ ಗ್ರಂಥಸ್ಥ ಕನ್ನಡ ಆಡಬೇಕು. ನೀವಿಬ್ಬರು ಮಾತ್ರ ನಿಮ್ಮೂರ ಕಡೆಯ ಭಾಷೆ ಆಡಿ, ಒಳ್ಳೆ ರಿಲೀಫ್ ಸಿಗುತ್ತೆ ಎಂದರು. ಸಿಕ್ಕಿತು. ನಾವು ಬಾಯಿ ತೆರೆದಾಗೆಲ್ಲ ಜನ ನಕ್ಕರು.

ಆ ಪ್ರದರ್ಶನಕ್ಕೆ ನನ್ನವ್ವ ಬಂದಿದ್ದಳು. ಹಿಂದಿನ ಸಾಲಲ್ಲಿ ಕೂತಿದ್ದಳು. ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಕೇಳಿದಳು: "ನೀನು ನಮ್ಮಂಗೇ ಚೆಂದಾಗಿ ಮಾತಾಡ್ದೆ ಕಣಪ್ಪ. ಅದ್ಯಾಕೆ ಎಲ್ರೂ ನಗ್ತಿದ್ರು?"

ನನ್ನ ಬಳಿ ಉತ್ತರ ಇರಲಿಲ್ಲ. ಈ ಲೇಖನವನ್ನು ಆ ಪ್ರಶ್ನೆಯಿಂದಲೇ ಶುರುಮಾಡುತ್ತಿದ್ದೇನೆ. ಒಂದು ಸಂಸ್ಕೃತಿಯ ಅಭಿಜಾತ ನಾಟಕವನ್ನು ಇನ್ನೊಂದು ಸಂಸ್ಕೃತಿಯವರು ತೆಗೆದುಕೊಂಡು ತಮ್ಮದಾಗಿಸಿಕೊಳ್ಳುವುದು ಸರಿಯೇ, ಎಷ್ಟರಮಟ್ಟಿಗೆ ಸರಿ ಎಂಬ ಚರ್ಚೆ ನಮ್ಮ ರಂಗಭೂಮಿಯಲ್ಲಿ ಬಹಳ ನಡೆದಿದೆ. 1985ರಲ್ಲಿ ಪೀಟರ್ ಬ್ರೂಕ್ ಫ್ರಾನ್ಸಿನ ಆವಿನ್ಯಾನ್‌ನಲ್ಲಿ ಒಂಬತ್ತು ಗಂಟೆಗಳ ಮಹಾಭಾರತವನ್ನು ಆಡಿಸಿದಾಗ ರುಸ್ತುಮ್ ಭರೂಚ ಮೊದಲಾದವರು ಎತ್ತಿದ ಆಕ್ಷೇಪಗಳು ಗಂಭೀರವಾದವು. ವಸಾಹತುಶಾಹಿ ಹೋದಮೇಲೂ ಪಶ್ಚಿಮದವರು ನಮ್ಮ ಪಠ್ಯಗಳನ್ನು ಕಚ್ಚಾ ಮಾಲಿನಂತೆ ಬಳಸುತ್ತಾರೆ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ಚರ್ಚೆಯನ್ನು ಓದುವಾಗೆಲ್ಲ ಒಂದು ಪದದ ಹತ್ತಿರ ಎಡವುತ್ತೇನೆ. 'ನಮ್ಮ' ಅನ್ನೋ ಪದ. ಯಾವ ನಮ್ಮ? ಅಗ್ರಹಾರದಿಂದ ನಮ್ಮ ಕೇರಿಗಿರುವ ದೂರ ಪ್ಯಾರಿಸ್ಸಿಗಿಂತ ಕಡಿಮೆಯೇನಲ್ಲ. ಸಂಸ್ಕೃತ ನಾಟಕವೊಂದು ನನ್ನ ಕೈಗೆ ಬಂದಾಗಲೇ ಒಂದು ಸಂಸ್ಕೃತಿಯಿಂದ ಇನ್ನೊಂದಕ್ಕೆ ದಾಟಿ ಬಂದಿರುತ್ತದೆ. ಆ ಗಡಿಗೆ ಪಾಸ್‌ಪೋರ್ಟ್ ಇಲ್ಲ, ಅಷ್ಟೆ.

ಹಾಗಾಗಿ ಮೃಚ್ಛಕಟಿಕವನ್ನೇ ಇಟ್ಟುಕೊಂಡು ನೋಡೋಣ. ಈ ನಾಟಕದ ಪ್ರಯಾಣ ಸಣ್ಣದಲ್ಲ. 1826ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ ಹೊರೇಸ್ ಹೇಮನ್ ವಿಲ್ಸನ್ ಕಲ್ಕತ್ತೆಯಲ್ಲಿ ಇದನ್ನು ಇಂಗ್ಲಿಷಿಗೆ ತಂದ. 1850ರಲ್ಲಿ ಮೇರಿ ಮತ್ತು ಜೆರಾರ್ ದ ನರ್ವಾಲ್ ಎಂಬ ಇಬ್ಬರು ಫ್ರೆಂಚ್ ಲೇಖಕರು ಇದನ್ನು ರೂಪಾಂತರಿಸಿ ಪ್ಯಾರಿಸ್ಸಿನ ಓದಿಯೋನ್ ರಂಗಮಂದಿರದಲ್ಲಿ ಆಡಿಸಿದರು. 1905ರ ಆರ್ಥರ್ ರೈಡರನ ಅನುವಾದವನ್ನು ಹಿಡಿದು 1924ರಲ್ಲಿ ನ್ಯೂಯಾರ್ಕಿನ ನೇಬರ್‌ಹುಡ್ ಪ್ಲೇಹೌಸ್ ಪ್ರಯೋಗ ಮಾಡಿತು. 1958ರಲ್ಲಿ ಹಬೀಬ್ ತನ್ವೀರ್ ದೆಹಲಿಯಲ್ಲಿ 'ಮಿಟ್ಟೀ ಕೀ ಗಾಡೀ' ಮಾಡಿದರು. 1984ರಲ್ಲಿ ನಮ್ಮ ಗಿರೀಶ ಕಾರ್ನಾಡರು 'ಉತ್ಸವ್' ಎಂಬ ಹಿಂದಿ ಸಿನಿಮಾ ಮಾಡಿ, ಮೂಲದಲ್ಲಿಲ್ಲದ ವಾತ್ಸ್ಯಾಯನನನ್ನು ತಂದು ಕೂರಿಸಿದರು. ಇವರಲ್ಲಿ ಯಾರು ಮೂಲಕ್ಕೆ ನಿಷ್ಠರು, ಯಾರು ಅಲ್ಲ ಎಂದು ಅಳೆಯುವುದು ಪಂಡಿತರ ಕೆಲಸ. ನನಗೆ ಅದಕ್ಕಿಂತ ಮುಖ್ಯವಾದದ್ದು, ಈ 'ಮೂಲ' ಅನ್ನೋದೇ ಏನು ಎಂಬುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಿಂದ ಪ್ರಕಟಿಸಿದ ನಾಟಕಗಳಲ್ಲಿ 'ಚಾರುದತ್ತ' ಎಂಬ ನಾಲ್ಕು ಅಂಕದ ನಾಟಕವೂ ಇತ್ತು. ಅದನ್ನು ಭಾಸನದೆಂದು ಅವರು ಹೇಳಿದರು, ವಾದ ಇನ್ನೂ ಇದೆ. ಮೃಚ್ಛಕಟಿಕದ ಮೊದಲ ನಾಲ್ಕು ಅಂಕಗಳು ಅದರ ಜೊತೆ ಹೆಚ್ಚುಕಡಿಮೆ ಹೊಂದುತ್ತವೆ. ಹಲವು ವಿದ್ವಾಂಸರ ಪ್ರಕಾರ ಶೂದ್ರಕ ಆ ಹಳೆಯ ನಾಟಕವನ್ನು ತೆಗೆದುಕೊಂಡು ಬೆಳೆಸಿದ. ಅಂದರೆ ಮೃಚ್ಛಕಟಿಕವೇ ಒಂದು ರೂಪಾಂತರ! ಬೆಳೆಸಿದ್ದು ಏನನ್ನು ಅಂತ ನೋಡಿ: ದನಕಾಯುವವರ ಕುಲದ ಆರ್ಯಕ ಜೈಲು ಮುರಿದು ಬಂದು ಪಾಲಕ ರಾಜನ ಸಿಂಹಾಸನ ಕಿತ್ತುಕೊಳ್ಳುವ ಕತೆ ಆ ನಾಲ್ಕು ಅಂಕದಲ್ಲಿಲ್ಲ. ಚಂದನಕ ಇಲ್ಲ. ಚಾಂಡಾಲರಿಲ್ಲ. ಸ್ಥಾವರಕನ ಸಾಕ್ಷಿ ಇಲ್ಲ. ಬ್ರಾಹ್ಮಣ ವರ್ತಕ ಮತ್ತು ಗಣಿಕೆಯ ಪ್ರೇಮಕತೆಯೊಳಕ್ಕೆ ದಂಗೆಯನ್ನೂ ಕೆಳಜಾತಿಗಳನ್ನೂ ತುಂಬಿದವನು ರೂಪಾಂತರಕಾರ. ಇಂಥ ನಾಟಕವನ್ನು ಮುಂದಿಟ್ಟುಕೊಂಡು "ಮೂಲವನ್ನು ಮುಟ್ಟಬೇಡಿ" ಅನ್ನುವವರಿಗೆ ಏನು ಹೇಳುವುದು? (ಪ್ರಸ್ತಾವನೆಯಲ್ಲಿ ಈ ಶೂದ್ರಕ ದ್ವಿಜಶ್ರೇಷ್ಠ, ಋಗ್ವೇದ ಸಾಮವೇದ ಬಲ್ಲವ, ನೂರು ವರ್ಷ ಹತ್ತು ದಿನ ಬದುಕಿ ಅಗ್ನಿಪ್ರವೇಶ ಮಾಡಿದವ ಎಂದೆಲ್ಲ ಇದೆ. ಶೂದ್ರಕ ಎಂಬ ಹೆಸರಿನವನಿಗೆ ಇಷ್ಟೊಂದು ಸರ್ಟಿಫಿಕೇಟು ಯಾಕೆ ಬೇಕಾಯಿತು ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ.)

ಇನ್ನು ಭಾಷೆಯ ವಿಷಯ. ನಮ್ಮನ್ನು ನಗೆಪಾಟಲು ಮಾಡಿದ್ದು ಭಾಷೆಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಂಸ್ಕೃತ ನಾಟಕ ಅಂತ ನಾವು ಕರೆಯುವ ಈ ಕೃತಿಯಲ್ಲಿ ಸಂಸ್ಕೃತ ಆಡುವವರು ಕೆಲವರೇ. ಚಾರುದತ್ತ, ಆರ್ಯಕ, ಶರ್ವಿಲಕ, ವಿಟ, ನ್ಯಾಯಾಧೀಶ, ಹೀಗೆ. ವಸಂತಸೇನೆಯ ಮಾತು ಬಹುಪಾಲು ಪ್ರಾಕೃತ. ಬ್ರಾಹ್ಮಣನಾದ ವಿದೂಷಕ ಮೈತ್ರೇಯನದೂ ಪ್ರಾಕೃತವೇ. ವ್ಯಾಖ್ಯಾನಕಾರ ಪೃಥ್ವೀಧರ ಯಾವ ಪಾತ್ರ ಯಾವ ಪ್ರಾಕೃತ ಆಡುತ್ತದೆ ಎಂದು ಪಟ್ಟಿಯನ್ನೇ ಕೊಟ್ಟಿದ್ದಾನೆ: ಶೌರಸೇನಿ, ಆವಂತಿ, ಪ್ರಾಚ್ಯ, ಮಾಗಧಿ, ಶಕಾರಿ, ಚಾಂಡಾಲಿ, ಢಕ್ಕಿ. ಇಡೀ ಉಜ್ಜಯಿನಿಯ ಬೀದಿ ತನ್ನ ತನ್ನ ಮಾತಿನಲ್ಲಿ ಗಲಗಲ ಅನ್ನುತ್ತಿದೆ. ಇದರಲ್ಲಿ ಶ್ರೇಣೀಕರಣ ಇಲ್ಲವೆಂದಲ್ಲ, ಖಂಡಿತ ಇದೆ. ಯಾರು ಯಾವ ಭಾಷೆ ಆಡಬೇಕೆಂದು ನಾಟ್ಯಶಾಸ್ತ್ರವೇ ವಿಧಿಸಿದೆ. ಆದರೆ ನಾಯಕಿಯಿಂದ ಹಿಡಿದು ಊರಿಗೆ ಊರೇ ಆಡುಮಾತಿನಲ್ಲಿದ್ದಾಗ ಚಾಂಡಾಲರ ಮಾತು ಹಲವು ಆಡುಮಾತುಗಳಲ್ಲಿ ಒಂದು. ನಮ್ಮ ಕಾಲೇಜಿನ ಪ್ರಯೋಗದಲ್ಲಿ ಆದದ್ದೇನು? ಎಲ್ಲರನ್ನೂ ಗ್ರಂಥಸ್ಥ ಭಾಷೆಗೆ ಏರಿಸಿ, ಇಬ್ಬರನ್ನು ಮಾತ್ರ ಕೆಳಗೆ ಬಿಟ್ಟರು. ಮೂಲದಲ್ಲಿದ್ದ ಏಣಿಯ ನಡುವಿನ ಮೆಟ್ಟಿಲುಗಳನ್ನೆಲ್ಲ ತೆಗೆದುಹಾಕಿ ಮೇಲಿನದು ಮತ್ತು ಕೆಳಗಿನದು ಮಾತ್ರ ಉಳಿಸಿದ ಹಾಗಾಯಿತು. ನನ್ನವ್ವನ ಪ್ರಶ್ನೆಗೆ ಉತ್ತರ ಇದು ಅಂತ ಈಗ ಗೊತ್ತಾಗಿದೆ. ಜನ ನಕ್ಕದ್ದು ಮಾತಿಗಲ್ಲ, ಆ ಮಾತು ಒಂಟಿಯಾಗಿ ನಿಂತಿದ್ದಕ್ಕೆ.

ಹಬೀಬ್ ತನ್ವೀರರ ಅನುಭವವನ್ನು ಇಲ್ಲಿ ನೆನೆಯಬೇಕು. 1958ರ ಪ್ರಯೋಗಕ್ಕೆ ಅವರು ಛತ್ತೀಸ್‌ಗಢದ ನಾಚಾ ಕಲಾವಿದರನ್ನು ದೆಹಲಿಗೆ ಕರೆತಂದರು. ಊರಲ್ಲಿ ರಾತ್ರಿಯಿಡೀ ಜನರನ್ನು ಹಿಡಿದಿಡುತ್ತಿದ್ದ ಅದೇ ನಟರು ತಮ್ಮ ಕೈಯಲ್ಲಿ ಯಾಕೋ ಅರಳುತ್ತಿಲ್ಲ ಎಂಬ ಕೊರಗು ಅವರಿಗೆ ಬಹುಕಾಲ ಇತ್ತು. ಕೊನೆಗೆ ಎಪ್ಪತ್ತರ ದಶಕದಲ್ಲಿ ಅವರಿಗೆ ಹೊಳೆದದ್ದು, ತಾನು ಅವರ ಬಾಯಿಗೆ ಹಿಂದಿಯನ್ನು ತುರುಕುತ್ತಿದ್ದೆ, ಓದುಬರಹದ ರಂಗಭೂಮಿಯ ಲೆಕ್ಕದ ಚಲನೆಗಳನ್ನು ಹೇರುತ್ತಿದ್ದೆ ಎಂಬುದು. ಆ ತಪ್ಪನ್ನು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಆಮೇಲೆ ನಟರನ್ನು ಛತ್ತೀಸ್‌ಗಢಿಯಲ್ಲೇ ಮಾತಾಡಲು ಬಿಟ್ಟರು, ಮೃಚ್ಛಕಟಿಕವೂ ಆ ಭಾಷೆಗೆ ಬಂತು. ಜಾನಪದವನ್ನು ಅಲಂಕಾರಕ್ಕೆ ಬಳಸುವುದಕ್ಕೂ ಜನರ ಬಾಯಿಗೆ ನಾಟಕವನ್ನು ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ಇದು. ಅದನ್ನು ಕಂಡುಕೊಳ್ಳಲು ತನ್ವೀರರಂಥವರಿಗೇ ಒಂದು ದಶಕಕ್ಕಿಂತ ಹೆಚ್ಚು ಬೇಕಾಯಿತು. ನಮ್ಮಲ್ಲಿ ಕೆಲವರಿಗೆ ಅದರ ಅಗತ್ಯವೇ ಕಂಡಿಲ್ಲ.

ಆ ಚಾಂಡಾಲರಿಗೆ ವಾಪಸ್ಸು ಬರೋಣ. ನಮ್ಮ ಪ್ರಯೋಗದಲ್ಲಿ 'ಉದ್ದ ಆಯ್ತು' ಅಂತ ಕತ್ತರಿಸಿದ್ದು ಯಾವುದನ್ನು ಅಂತ ಆಮೇಲೆ ಮೂಲದ ಅನುವಾದಗಳನ್ನು ಓದಿದಾಗ ತಿಳಿಯಿತು. ಒಬ್ಬ ಚಾಂಡಾಲ ತನ್ನ ಸತ್ತ ಅಪ್ಪನ ಮಾತು ನೆನೆಸಿಕೊಳ್ಳುತ್ತಾನೆ. ಸಾಯಿಸಬೇಕಾದವನನ್ನು ಆತುರದಲ್ಲಿ ಸಾಯಿಸಬೇಡ ಮಗ ಅಂತ ಅಪ್ಪ ಹೇಳಿದ್ದನಂತೆ. ಯಾರೋ ಪುಣ್ಯಾತ್ಮ ದುಡ್ಡು ಕೊಟ್ಟು ಬಿಡಿಸಬಹುದು, ರಾಜನಿಗೆ ಗಂಡುಮಗು ಹುಟ್ಟಬಹುದು, ಆನೆ ಕಟ್ಟು ಕಿತ್ತುಕೊಂಡು ಗಲಾಟೆಯಾಗಬಹುದು, ಕಡೆಗೆ ರಾಜನೇ ಬದಲಾಗಬಹುದು. ನೋಡಿ, ಇಡೀ ನಾಟಕದಲ್ಲಿ ರಾಜ ಬದಲಾಗಬಹುದು ಎಂಬ ಲೆಕ್ಕವನ್ನು ಮನೆಯ ಬುದ್ಧಿಮಾತಾಗಿ ಇಟ್ಟುಕೊಂಡಿರುವುದು ಕೊಲ್ಲುವ ಕೆಲಸಕ್ಕೆ ಕಟ್ಟಿಹಾಕಿಸಿಕೊಂಡ ಈ ಮನೆತನ. ಕತ್ತಿ ಕೈಯಿಂದ ಜಾರಿದಾಗ ಅವನು ಬೇಡಿಕೊಳ್ಳುವುದು ಸಹ್ಯವಾಸಿನಿಯನ್ನು. ನಮ್ಮ ಸಹ್ಯಾದ್ರಿಯ ದೇವಿಯನ್ನು. ತಾವು ಹುಟ್ಟಿದ್ದು ಚಾಂಡಾಲ ಕುಲದಲ್ಲಾದರೂ ನಿಜವಾದ ಚಾಂಡಾಲರು ಸಜ್ಜನರನ್ನು ಪೀಡಿಸುವವರು ಎಂಬ ಮಾತೂ ಅವರ ಬಾಯಲ್ಲಿದೆ. (ಕುಲದ ಹೆಸರನ್ನು ಬೈಗುಳವಾಗಿ ಉಳಿಸಿಕೊಂಡೇ ಆ ಮಾತು ಬರುತ್ತದೆ ಅನ್ನುವುದನ್ನೂ ಗಮನಿಸಬೇಕು.) ಚಾರುದತ್ತ ಅವರಲ್ಲಿ ಒಂದು ಕೇಳಿಕೊಳ್ಳಬೇಕು ಅಂದಾಗ ಅವರಿಗೆ ಅಚ್ಚರಿ: ನಮ್ಮ ಕೈಯಿಂದ ನೀವು ದಾನ ತಗೊಳ್ತೀರಾ ಅಂತ. ಛೆ ಛೆ ಅನ್ನುತ್ತಾನೆ ಅವನು. ಸಾಯಲು ಹೊರಟಾಗಲೂ ಮಡಿ ಬಿಡದ ಈ ನಾಯಕ ಅವರಿಂದ ಬೇಡುವುದು ಮಗನ ಮುಖ ನೋಡಲು ಒಂದು ಗಳಿಗೆಯನ್ನು. ಇದರಲ್ಲಿ ಹಾಸ್ಯ ಎಲ್ಲಿದೆ?

ಆ ನಾಟಕದ ಕಾಲದಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ವಧ್ಯನ ಅಪರಾಧವನ್ನು ಬೀದಿ ಬೀದಿಯಲ್ಲಿ ನಿಂತು ಡಿಂಡಿಮ ಬಾರಿಸಿ ಸಾರುತ್ತ ಹೋಗುವುದು ಚಾಂಡಾಲರ ಕೆಲಸ. ಅದಕ್ಕೆ ನಿರ್ದೇಶಕರು, ನಿಮ್ಮ ಮನೇಲಿ ತಮಟೆ ಇದೆಯಲ್ಲ, ತಗೊಂಡು ಬಾ ಅಂದರು. ನಮ್ಮ ದೊಡ್ಡಪ್ಪ ತಮಟೆ ಬಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸಂಘದ ಹುಡುಗರು ಬಂದು ಮಾತಾಡಿದ ಮೇಲೆ ಊರ ಸಾವಿಗೂ ಹಬ್ಬಕ್ಕೂ ಬಿಟ್ಟಿ ಬಡಿಯುವುದಿಲ್ಲ ಅಂತ ಕೇರಿಯವರೆಲ್ಲ ನಿಂತಾಗ ಮೊದಲು ನಿಂತವನು ಅವನು. ತಮಟೆಯನ್ನು ಮಾತ್ರ ಸುಡದೆ ಅಟ್ಟದ ಮೇಲೆ ಇಟ್ಟಿದ್ದ. ನಾನು ಹೋಗಿ ಕೇಳಿದೆ.

"ನಾಟ್ಕದಲ್ಲಿ ಅದ್ನ ಬಡ್ದು ಏನಂತ ಸಾರ್ತೀಯ್ಲಾ?"

"ಇವನು ಹೆಂಗಸನ್ನ ಕೊಂದವನೆ ಅಂತ, ದೊಡ್ಡಪ್ಪ."

"ಕೊಂದಿದ್ನಾ?"

"ಇಲ್ಲ. ಅವಳು ಬದುಕವ್ಳೆ."

"ಮತ್ತೆ ಸುಳ್ಳು ಸಾರಕ್ಕೆ ನನ್ ತಮಟೆ ಯಾಕ್ಲಾ?"

ಕೊಡಲಿಲ್ಲ. ಪ್ಲಾಸ್ಟಿಕ್ಕಿನದೊಂದನ್ನು ತಂದು ಸುಧಾರಿಸಿದೆವು. ಆಗ ದೊಡ್ಡಪ್ಪನ ಮೇಲೆ ಸಿಟ್ಟು ಬಂದಿತ್ತು, ನಿಜ ಹೇಳಬೇಕು. ರಂಗದ ಮೇಲೆ ತಮಟೆ, ಅರೆವಾದ್ಯ, ನಗಾರಿ ಎಲ್ಲ ಬಂದಿವೆ, ಅದು ಗೌರವವೇ ಅಲ್ಲವೇ ಅಂತ ಅವನ ಜೊತೆ ವಾದ ಮಾಡಿದ್ದೆ. ಈಗ ಅನ್ನಿಸುತ್ತೆ, ಸ್ವೀಕರಣದ ಕುರಿತು ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಹೆಚ್ಚಿನದನ್ನು ಅವನು ಮೂರು ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದ: ವಾದ್ಯ ಯಾರದು, ಬಾರಿಸುವುದು ಯಾರ ಪರವಾಗಿ, ಸಾರುವುದು ನಿಜವೋ ಸುಳ್ಳೋ.

ಇಲ್ಲಿ ಆರನೆಯ ಅಂಕದ ಚಂದನಕನನ್ನು ಬಿಡುವಂತಿಲ್ಲ. ಇವನು ಪಹರೆಯ ಅಧಿಕಾರಿ. ಜೊತೆಗಾರ ವೀರಕ. ತಪ್ಪಿಸಿಕೊಂಡ ಆರ್ಯಕ ಕೂತಿರುವ ಗಾಡಿಯನ್ನು ತಪಾಸಣೆ ಮಾಡುವಾಗ ಚಂದನಕ ಅವನನ್ನು ನೋಡಿಬಿಡುತ್ತಾನೆ, ಅಭಯ ಕೊಟ್ಟುಬಿಡುತ್ತಾನೆ. ವೀರಕನಿಗೆ ಅನುಮಾನ ಬಂದು ನಾನೂ ನೋಡುತ್ತೇನೆ ಅಂದಾಗ ಅದನ್ನು ತಪ್ಪಿಸಲು ಚಂದನಕ ಒಂದು ಉಪಾಯ ಹೂಡುತ್ತಾನೆ. ಆ ಉಪಾಯದ ಹೆಸರು ಕೇಳಿ: ಕರ್ಣಾಟ ಕಲಹ. ಅಂದರೆ ಕನ್ನಡದವರ ಜಗಳ! ಜಗಳಗಂಟರೆಂದು ನಮಗೆ ಅಷ್ಟು ಹಿಂದೆಯೇ ಉಜ್ಜಯಿನಿಯವರೆಗೂ ಹೆಸರಿತ್ತು. ಜಗಳ ತಿರುಗುವುದು ಜಾತಿಗೆ. ಒಬ್ಬ ಇನ್ನೊಬ್ಬನನ್ನು ಕ್ಷೌರಿಕ ಅಂತ ಸನ್ನೆಯಲ್ಲಿ ಹಂಗಿಸುತ್ತಾನೆ. ಅವನು ತಿರುಗಿ, ನಿನ್ನ ತಾಯಿತಂದೆ ಅಣ್ಣತಮ್ಮಂದಿರೆಲ್ಲ ಚರ್ಮವಾದ್ಯಗಳೇ ಅಂತ ಹೇಳಿ ಚಂದನಕ ಚಮ್ಮಾರ ಎಂಬುದನ್ನು ಬಯಲು ಮಾಡುತ್ತಾನೆ. ಚಂದನಕ ಅವನನ್ನು ಒದೆಯುತ್ತಾನೆ. ಗಾಡಿ ಮುಂದೆ ಹೋಗುತ್ತದೆ, ಕತ್ತಿಯನ್ನೂ ಕೊಟ್ಟು ಕಳಿಸುತ್ತಾನೆ. ರಾಜ್ಯವನ್ನು ಉರುಳಿಸುವ ಮನುಷ್ಯ ಬದುಕುಳಿಯುವುದು ಒಬ್ಬ ಚಮ್ಮಾರನ ಧೈರ್ಯದಿಂದ ಮತ್ತು ಒಂದು ಕನ್ನಡ ಜಗಳದಿಂದ. ಈ ನಾಟಕವನ್ನು ಕನ್ನಡಕ್ಕೆ ತರುವವರಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕೇ? ನಮ್ಮ ಪ್ರಯೋಗದಲ್ಲಿ ಆ ಜಾತಿಬೈಗುಳವನ್ನು 'ಸೂಕ್ಷ್ಮ ವಿಷಯ' ಅಂತ ತೆಗೆದಿದ್ದರು. ಉಳಿದದ್ದು ಒಂದು ಒದೆ. ಜನ ಅದಕ್ಕೂ ನಕ್ಕರು.

ಕೊನೆಗೆ ಸ್ಥಾವರಕ. ಶಕಾರನ ಮನೆಯ ದಾಸ. ವಸಂತಸೇನೆಯನ್ನು ಕೊಲ್ಲು ಎಂದು ಒಡೆಯ ಆಸೆ ತೋರಿಸಿದರೂ ಹೊಡೆದರೂ ಒಪ್ಪದವನು. ನನ್ನ ಮೈಗೆ ನೀನು ಒಡೆಯ, ನಡತೆಗಲ್ಲ ಎಂಬರ್ಥದ ಮಾತಾಡಿದವನು. ಶಕಾರನೇ ಅವಳ ಕತ್ತು ಹಿಸುಕಿ, ಅಪರಾಧವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ಇವನನ್ನು ಸಂಕೋಲೆ ಹಾಕಿ ಮಹಡಿಯ ಮೇಲೆ ಕೂಡಿಹಾಕುತ್ತಾನೆ. ಬೀದಿಯಲ್ಲಿ ಸಾರುವುದು ಕೇಳಿಸಿ ಸ್ಥಾವರಕ ಅಲ್ಲಿಂದ ಕೆಳಕ್ಕೆ ಹಾರುತ್ತಾನೆ. ಎಲ್ಲರ ಮುಂದೆ ಸತ್ಯ ಹೇಳುತ್ತಾನೆ. ಶಕಾರ ಗುಟ್ಟಾಗಿ ಒಂದು ಕಡಗ ಕೊಟ್ಟು ಬಾಯಿ ಮುಚ್ಚಿಸಲು ನೋಡುತ್ತಾನೆ; ಸ್ಥಾವರಕ ಅದನ್ನೇ ಎತ್ತಿ ತೋರಿಸುತ್ತಾನೆ. ಶಕಾರ ತಕ್ಷಣ, ಇದೇ ಇವನು ಕದ್ದ ಚಿನ್ನ, ಅದಕ್ಕೇ ಹೊಡೆದಿದ್ದೆ, ಆ ಸಿಟ್ಟಿಗೆ ಹೀಗೆ ಹೇಳುತ್ತಿದ್ದಾನೆ ಅನ್ನುತ್ತಾನೆ. ಮುಗಿಯಿತು. ದಾಸನ ಸತ್ಯವನ್ನು ಯಾರೂ ನಂಬುವುದಿಲ್ಲ. ಚಾಂಡಾಲರೂ ನಂಬುವುದಿಲ್ಲ. ಅಲ್ಲಿ ನನಗೆ ನಾಟಕ ಅತ್ಯಂತ ಕಠೋರವಾಗಿ ಕಾಣುತ್ತೆ. ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಸಾಕ್ಷಿ ಹೇಳುವವನ ಜಾತಿ, ಅವನ ಹೊಟ್ಟೆಪಾಡು, ಅವನ ಮೇಲಿರುವ ಭಯ ಇವೆಲ್ಲ ಸತ್ಯದ ತೂಕವನ್ನು ಹೇಗೆ ಬದಲಿಸುತ್ತವೆ ಅಂತ ನಮಗೆ ಶೂದ್ರಕನಿಂದಲೇ ಕಲಿಯಬೇಕಾಗಿಲ್ಲ. ಆದರೆ ಅವನು ಅದನ್ನು ನೋಡಿದ್ದ.

ನೋಡಿದ್ದವನು ಎಲ್ಲಿಗೆ ನಿಲ್ಲಿಸಿದ? ಪಾಲಕ ಸಾಯುತ್ತಾನೆ, ಆರ್ಯಕ ರಾಜನಾಗುತ್ತಾನೆ, ಚಾರುದತ್ತ ಬದುಕುತ್ತಾನೆ. ಉಡುಗೊರೆ ಹಂಚುವ ಹೊತ್ತು ಬರುತ್ತದೆ. ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ. ಚಂದನಕನಿಗೆ ದೊಡ್ಡ ದಂಡಾಧಿಕಾರ. ಚಾಂಡಾಲರಿಗೆ? ಅವರು ಎಲ್ಲ ಚಾಂಡಾಲರ ಒಡೆಯರಾಗುತ್ತಾರೆ. ರಾಜ ಬದಲಾದ, ಕೇರಿ ಅಲ್ಲೇ ಉಳಿಯಿತು, ಕೇರಿಗೆ ಒಬ್ಬ ಯಜಮಾನ ಸಿಕ್ಕಿದ. ಈ ಬಗೆಯ ಬಹುಮಾನ ನಮಗೆ ಅಪರಿಚಿತವಲ್ಲ.

ರೂಪಾಂತರದ ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿ ಅಂತ ನನ್ನ ವಾದ. ಅನುಮತಿ ಯಾರದು, ನಿಷ್ಠೆ ಎಷ್ಟು ಅನ್ನುವುದಕ್ಕಿಂತ, ಮೂಲದ ಒಳಗೇ ನಂಬಿಕೆ ಕಳೆದುಕೊಂಡು ನಿಂತವರಿಗೆ ಹೊಸ ಪಠ್ಯ ಏನು ಮಾಡಿತು ಅನ್ನುವುದನ್ನು ಕೇಳಬೇಕು. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ' ಬರೆದಾಗ ಮಾಸ್ತಿಯವರು ಆಕ್ಷೇಪಿಸಿದ್ದು ಎಲ್ಲರಿಗೂ ಗೊತ್ತು. ಹೊಸ ಭಾವನೆ ಹೇಳಬೇಕಾದರೆ ಹೊಸ ಕತೆ ಕಟ್ಟಿ, ಜನ ನಂಬಿದ ಹಳೆಯ ಕತೆಯನ್ನು ತಿರುಚಬೇಡಿ ಎಂಬುದು ಆ ವಾದದ ಸಾರ. ಮಾಸ್ತಿ ದೊಡ್ಡವರು, ಆದರೆ ಅಲ್ಲಿ 'ಜನ' ಅಂದರೆ ಶಂಬೂಕನ ಕಡೆಯವರು ಸೇರಿರಲಿಲ್ಲ. ಕುವೆಂಪು ಶಂಬೂಕನ ತಲೆ ಉಳಿಸಿದರು. ಅಸ್ತ್ರವನ್ನು ಬ್ರಾಹ್ಮಣನ ಕಡೆಗೆ ತಿರುಗಿಸಿದರು. ಆದರೆ ಅವರಿಗೆ ರಾಮನನ್ನೂ ಉಳಿಸಿಕೊಳ್ಳಬೇಕಾಗಿತ್ತು. ಆ ಹಂಗು ನಮಗಿದೆಯೇ ಎಂಬುದನ್ನು ದಲಿತ ವಿಮರ್ಶೆ ಇನ್ನಷ್ಟು ಗಟ್ಟಿಯಾಗಿ ಕೇಳಬೇಕು.

ಹೊರಗಿನ ಎರಡು ಉದಾಹರಣೆ ಸಾಕು. 1969ರಲ್ಲಿ ಮಾರ್ಟಿನೀಕ್‌ನ ಏಮೇ ಸೆಸೇರ್ ಶೇಕ್ಸ್‌ಪಿಯರನ 'ಟೆಂಪೆಸ್ಟ್' ಅನ್ನು ತೆಗೆದುಕೊಂಡು ಕ್ಯಾಲಿಬನ್ನನನ್ನು ಕಪ್ಪು ಗುಲಾಮನಾಗಿ ನಿಲ್ಲಿಸಿದ. ಒಡೆಯ ಇಟ್ಟ ಹೆಸರು ಬೇಡ, ನನ್ನನ್ನು ಎಕ್ಸ್ ಅಂತ ಕರಿ ಅನ್ನುತ್ತಾನೆ ಅವನು. 1973ರಲ್ಲಿ ದಕ್ಷಿಣ ಆಫ್ರಿಕದ ಅಥೋಲ್ ಫುಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ನ್ಷೋನಾ ಸೇರಿ ಕಟ್ಟಿದ 'ದಿ ಐಲ್ಯಾಂಡ್' ನಾಟಕದಲ್ಲಿ ಇಬ್ಬರು ಕೈದಿಗಳು 'ಆಂಟಿಗನಿ'ಯ ತಾಲೀಮು ಮಾಡುತ್ತಾರೆ. ರಾಬೆನ್ ದ್ವೀಪದ ಜೈಲಿನಲ್ಲಿ ನಿಜವಾಗಿಯೂ ಕೈದಿಗಳು 'ಆಂಟಿಗನಿ' ಆಡಿದ್ದರು, ಮಂಡೇಲಾ ಅದರಲ್ಲಿ ಕ್ರಿಯಾನ್ ರಾಜನಾಗಿದ್ದರು. ಗ್ರೀಕರ ಅನುಮತಿಯನ್ನು ಅವರು ಕೇಳಬೇಕಿತ್ತು ಅಂತ ಯಾರೂ ಹೇಳಲಾರರು. ಬ್ರೂಕ್ ಮಾಡಿದ್ದೂ ಇವರು ಮಾಡಿದ್ದೂ ವ್ಯಾಕರಣದಲ್ಲಿ ಒಂದೇ ಕ್ರಿಯೆ, ರೂಪಾಂತರ. ತೆಗೆದುಕೊಳ್ಳುವ ಕೈ ಎಲ್ಲಿಂದ ಚಾಚಿದೆ ಅನ್ನುವುದರಲ್ಲಿ ವ್ಯತ್ಯಾಸವಿದೆ. ಹಾಗಂತ ಕೆಳಗಿನಿಂದ ಚಾಚಿದ ಕೈಯೆಲ್ಲ ಶುದ್ಧ ಅಂತ ನಾನು ಹೇಳುತ್ತಿಲ್ಲ. ನಮ್ಮದೇ ನಾಟಕಗಳಲ್ಲಿ ಹೆಂಗಸರ ಪಾತ್ರಗಳಿಗೆ ಆಗಿರುವುದನ್ನು ನೋಡಿದರೆ ಹಾಗೆ ಹೇಳುವ ಬಾಯಿ ಬರುವುದಿಲ್ಲ.

ಈಗ ನಾನು ಪಾಠ ಮಾಡುವ ಕಾಲೇಜಿನಲ್ಲಿ ಹತ್ತನೆಯ ಅಂಕವನ್ನು ಮಕ್ಕಳ ಜೊತೆ ಮತ್ತೆ ಬರೆಯುತ್ತಿದ್ದೇವೆ. ಎಲ್ಲ ಪಾತ್ರಗಳೂ ತಂತಮ್ಮ ಊರ ಕನ್ನಡದಲ್ಲೇ ಮಾತಾಡಬೇಕು, ಚಾರುದತ್ತನೂ ಸೇರಿ, ಅಂತ ಮೊದಲ ದಿನವೇ ತೀರ್ಮಾನವಾಯಿತು. ಚಾಂಡಾಲನ ಅಪ್ಪನ ಮಾತು ವಾಪಸ್ಸು ಬಂದಿದೆ. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಸ್ಥಾವರಕನ ಪಾತ್ರ ತನಗೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅವಳ ತಕರಾರು ಇಷ್ಟು: "ಸರ್, ಅವನು ಕಡಗ ಎತ್ತಿ ತೋರಿಸಿದ ಮೇಲೆ ಸುಮ್ಮನಾಗ್ತಾನಲ್ಲ, ಅಲ್ಲಿ ಯಾಕೆ ಸುಮ್ಮನಾಗಬೇಕು?" ಮೂಲದಲ್ಲಿ ಹಾಗಿದೆ ಅಂದೆ. "ಮೂಲದಲ್ಲಿ ಇರ್ಲಿ ಸರ್" ಅಂದಳು. ಅವನು ಎರಡನೇ ಸಲ ಏನು ಹೇಳಬೇಕು ಅನ್ನುವುದನ್ನು ಅವಳೇ ಬರೆದುಕೊಂಡು ಬಂದಿದ್ದಾಳೆ, ಒಂದೂವರೆ ಪುಟ. ಅದು ಉದ್ದ ಆಯ್ತು ಅನ್ನುವ ಮಾತು ನನ್ನ ಬಾಯಿಯ ತುದಿಯವರೆಗೂ ಬಂದಿತ್ತು.

ತಮಟೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಈ ಸಲದ ನಾಟಕದ ಕತೆಯನ್ನೆಲ್ಲ ಹೇಳಿದೆ. ತಾಲೀಮಿಗೆ ಬಂದು ಒಂದಿನ ಕೂತು ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದಿದ್ದಾನೆ.